ಚಳಿಮನೆಯ ಕಲ್ಲುತೋಟ

ಕರಾಮ, ದುಬೈ
ಶುಕ್ರವಾರ, 21 ಅಕ್ಟೋಬರ್ 2016

ಪ್ರೀತಿಯ ಅಮ್ಮನಿಗೆ ನಿನ್ನ ದೀಪ್ತಿಯ ನಮಸ್ಕಾರ.

ದಿನಾ ಫೋನಿನಲ್ಲಿ ಮಾತಾಡುವವಳು ಇದೇನು ಕಾಗದ ಬರೆಯಲು ಕೂತಳು ಎಂದು ಹೆದರಬೇಡ. ನನಗೆ ಕಾಯಿಲೆ ಇಲ್ಲ, ಕೆಲಸವೂ ಹೋಗಿಲ್ಲ. ಹೇಳಬೇಕಾದ ಒಂದು ವಿಷಯವನ್ನು ಫೋನಿನಲ್ಲೇ ಹೇಳೋಣವೆಂದು ನಾಲ್ಕು ಸಲ ಹೊರಟೆ. ನಾಲ್ಕು ಸಲವೂ ಮಳೆ ಬಿಟ್ಟಿತಾ, ಸುಜಿತನ ಪರೀಕ್ಷೆ ಯಾವಾಗ ಎಂದು ಕೇಳಿ ಇಟ್ಟುಬಿಟ್ಟೆ. ನನ್ನ ರೂಮಿನ ಮೆಟಿಲ್ಡಾ ಸೋಮವಾರ ರಜೆಯಲ್ಲಿ ಕಿನ್ನಿಗೋಳಿಗೆ ಹೊರಟಿದ್ದಾಳೆ. ಇದನ್ನು ನಿನ್ನ ಕೈಯಲ್ಲೇ ಕೊಡಬೇಕೆಂದು ಹೇಳಿದ್ದೇನೆ.

ತಮ್ಮ ಸುಜಿತನ ಹತ್ತಿರ ಓದಿಸಬೇಡ, ನೀನೇ ಓದು. ಬೀಡಿ ಕಟ್ಟುತ್ತ ಸಾಕ್ಷರತೆಯ ತರಗತಿಗೆ ಹೋಗಿ ಕಲಿತ ಅಕ್ಷರ ನಿನ್ನದು. ನಿಧಾನವಾದರೂ ಓದುತ್ತೀ. ನಾನೂ ದುಂಡಗೆ ಬರೆಯುತ್ತೇನೆ.

ಮೊನ್ನೆ ನೀನು ಎಷ್ಟು ಖುಷಿಯಲ್ಲಿದ್ದೆ. ಡಿಸೆಂಬರಿನಲ್ಲಿ ಯುವಕ ಮಂಡಲದ ವಾರ್ಷಿಕೋತ್ಸವದ ದಿನ ನನಗೆ ಸನ್ಮಾನವಂತೆ, ಅಪ್ಪ ಒಪ್ಪಿ ಬಂದಿದ್ದಾರಂತೆ, ನಾನು ಟಿಕೆಟು ಮಾಡಬೇಕಂತೆ. ದುಬೈಯ ಬಿಸಿಲಿನಲ್ಲಿ ಚಳಿದೇಶದ ತೋಟ ಮಾಡಿದ ನಮ್ಮ ಹುಡುಗಿ ಎಂದು ಬ್ಯಾನರನ್ನೂ ಹಾಕಿಸುತ್ತಾರಂತೆ. ಅಪ್ಪ ಗೂಡಂಗಡಿಯಲ್ಲಿ ಕೂತು ಮೊಬೈಲಿನ ಫೋಟೊ ತೋರಿಸಿ, ಇದೆಲ್ಲ ದೀಪ್ತಿ ಮಾಡಿದ್ದು, ನಾನು ಸುಮ್ಮನೆ ಎ.ಸಿ.ಯಲ್ಲಿ ಕೂತು ನೋಡಿದ್ದು ಎನ್ನುತ್ತಾರೆಂದು ನೀನು ನಗುತ್ತ ಹೇಳಿದೆ. ಅಮ್ಮ, ಅಪ್ಪ ಹೇಳುತ್ತಿರುವುದು ಸುಳ್ಳು. ಆ ಫೋಟೊದಲ್ಲಿರುವ ಒಂದೊಂದು ಕಲ್ಲನ್ನೂ ಇಟ್ಟದ್ದು ಅಪ್ಪ. ಅವರಿಂದ ಈ ಸುಳ್ಳು ಹೇಳಿಸುತ್ತಿರುವವಳು ನಾನು. ಇದು ನಿನಗೆ ತಿಳಿಯದೆ ನಾನು ಆ ವೇದಿಕೆ ಹತ್ತಲಾರೆ.

ಮೊದಲಿನಿಂದ ಹೇಳುತ್ತೇನೆ. ಅಬುಧಾಬಿಗೆ ಹೋಗುವ ದಾರಿಯಲ್ಲಿ ಒಂದು ಹೊಸ ಹೋಟೆಲು. ಹೊರಗೆ ನಲವತ್ತನಾಲ್ಕು ಡಿಗ್ರಿ ಬಿಸಿಲು, ಒಳಗೆ ಒಂದು ಗಾಜಿನ ಮನೆ, ಅದರಲ್ಲಿ ಆರೇ ಡಿಗ್ರಿ. ಹಿಮಬೆಟ್ಟದ ಮೇಲೆ ಕಲ್ಲಿನ ಸಂದಿಯಲ್ಲಿ ಬೆಳೆಯುವ ಗಿಡಗಳ ನಡುವೆ ಜನ ಕೋಟು ಹಾಕಿಕೊಂಡು ಕಾಫಿ ಕುಡಿಯಬೇಕಂತೆ. ಹಣವಿದ್ದವರಿಗೆ ಬರುವ ಆಸೆಗಳಿಗೆ ನಾವು ಯಾಕೆ ನಗಬೇಕು, ನಮಗೆ ಸಂಬಳ ಬರುವುದೇ ಅದರಿಂದ. ಆ ತೋಟವನ್ನು ನಮ್ಮ ಕಂಪನಿ ಒಪ್ಪಿಕೊಂಡಿತು, ಮ್ಯಾನೇಜರ್ ತಿಲಕ್ ಸಾರ್ ಅದನ್ನು ನನಗೆ ವಹಿಸಿದರು. ಮೂರು ವರ್ಷ ರಸ್ತೆಬದಿಯ ಹುಲ್ಲು, ಕಾಗದದ ಹೂ ನೋಡಿಕೊಂಡವಳಿಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ.

ನಾನು ಅದನ್ನು ಚೆನ್ನಾಗಿ ಕೆಡಿಸಿದೆ. ರಾಸ್ ಅಲ್ ಖೈಮಾದ ಬೆಟ್ಟದಿಂದ ಲಾರಿಯಲ್ಲಿ ಕಲ್ಲು ಬಂತು. ಕೇಕಿನ ಮೇಲೆ ಗೋಡಂಬಿ ಚುಚ್ಚಿದ ಹಾಗೆ ಅವನ್ನೆಲ್ಲ ನೆಟ್ಟಗೆ ನಿಲ್ಲಿಸಿದೆ. ಒಳ್ಳೆಯ ಗೊಬ್ಬರದ ಮಣ್ಣು ತುಂಬಿಸಿದೆ. ಹಾಲೆಂಡಿನಿಂದ ವಿಮಾನದಲ್ಲಿ ಬಂದ ಮುನ್ನೂರು ಗಿಡ ನೆಡಿಸಿ, ಇಲ್ಲಿ ಎಲ್ಲ ತೋಟಕ್ಕೂ ಮಾಡುವಂತೆ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಪೈಪಿನಲ್ಲಿ ನೀರು ಬಿಡಿಸಿದೆ. ಈ ಊರಿನಲ್ಲಿ ಒಂದು ಹೊತ್ತು ನೀರು ತಪ್ಪಿದರೆ ಗಿಡ ಸತ್ತಿತು ಎಂದು ಕೈಗೇ ಅಭ್ಯಾಸವಾಗಿಬಿಟ್ಟಿದೆ. ಹನ್ನೆರಡು ದಿನದಲ್ಲಿ ಮುಕ್ಕಾಲು ಪಾಲು ಗಿಡ ಬುಡದಲ್ಲಿ ಕೊಳೆತು ಮಲಗಿದವು. ಎರಡನೇ ಸಲ ಗಿಡ ತರಿಸಿಕೊಡುತ್ತೇನೆ, ಮೂರನೇ ಸಲ ಇಲ್ಲ ಎಂದರು ತಿಲಕ್ ಸಾರ್. ಅಂದರೆ ಮೂರನೇ ಸಲಕ್ಕೆ ನಾನೂ ಇರುವುದಿಲ್ಲ ಎಂದು ಅರ್ಥ.

ಅಪ್ಪ ವಿಸಿಟ್ ವೀಸಾದಲ್ಲಿ ಬಂದದ್ದು ಆ ವಾರವೇ. ಮೆಟಿಲ್ಡಾ ತನ್ನ ಅಣ್ಣನ ಮನೆಗೆ ಹೋಗಿ ನಮಗೆ ರೂಮು ಬಿಟ್ಟುಕೊಟ್ಟಳು. ಮೊದಲ ಎರಡು ದಿನ ಅಪ್ಪ ಕಿಟಕಿಯಲ್ಲಿ ಕೂತು ಕರಾಮದ ರಸ್ತೆಯಲ್ಲಿ ಹೋಗುವ ಬಸ್ಸು ಎಣಿಸಿದರು. ಮೂರನೆಯ ದಿನ, ಹೀಗೆ ಕೂತರೆ ನನಗೆ ಸೊಂಟ ಹಿಡಿಯುತ್ತದೆ, ನಿನ್ನ ತೋಟ ತೋರಿಸು ಎಂದರು. ಅದೂ ಶುಕ್ರವಾರ, ರಜೆ. ಸೈಟಿನ ಫೋರ್‌ಮನ್ ಅಹ್ಮದ್ ಕುಂಞಿ ಮಾತ್ರ ಇದ್ದ. ಯಾರು ಎಂದು ಕೇಳಿದ. ನಮ್ಮ ಊರಿನವರು ಎಂದೆ. ನೋಡು, ಸುಳ್ಳು ಹಾಗೆ ಸಣ್ಣದಾಗಿಯೇ ಶುರುವಾಯಿತು. ಅಪ್ಪ ನಮ್ಮ ಊರಿನವರೇ ಅಲ್ಲವಾ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಅಪ್ಪ ಒಳಗೆ ಹೋದವರು ಚಳಿಗೆ ಎರಡು ಕೈಯನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ತುಂಬ ಹೊತ್ತು ಕಲ್ಲುಗಳನ್ನೇ ನೋಡಿದರು. ಆಮೇಲೆ ಒಂದು ಗಿಡ ಕಿತ್ತು ಬೇರು ಮೂಸಿ, ಇದು ಚಳಿಗೆ ಸತ್ತದ್ದಲ್ಲ, ನೀರಿಗೆ ಸತ್ತದ್ದು ಎಂದರು. ನಮ್ಮ ಊರಿನ ಪಾದೆಯ ಬಂಡೆಯ ಮೇಲೆ ಮಳೆಗಾಲದಲ್ಲಿ ಹೂ ಬಿಡುವ ಪುಟ್ಟ ಗಿಡಗಳನ್ನು ನೆನಪಿಸಿದರು. ಅಷ್ಟು ಮಳೆ ಬಂದರೂ ಅವು ಯಾಕೆ ಕೊಳೆಯುವುದಿಲ್ಲ ಹೇಳು ಎಂದು ತೋಟಗಾರಿಕೆ ಓದಿದ ನನ್ನನ್ನು ಪರೀಕ್ಷೆ ಮಾಡಿದರು. ಬಂಡೆ ನೀರನ್ನು ನಿಲ್ಲಲು ಬಿಡುವುದಿಲ್ಲ, ಗಿಡ ಒಂದು ಹಿಡಿ ಮಣ್ಣಿನಲ್ಲಿ ಬದುಕುತ್ತದೆ, ಅಷ್ಟೇ ಎಂದು ಉತ್ತರವನ್ನೂ ಅವರೇ ಹೇಳಿದರು.

ಮರುದಿನದಿಂದ ಅಪ್ಪ ನನ್ನ ಜೊತೆ ಹೊರಟರು. ಅಹ್ಮದ್ ಕುಂಞಿ ಒಂದು ಚಳಿಯ ಜಾಕೆಟು ಹುಡುಕಿ ಕೊಟ್ಟು, ಬೇರೆ ಏನೂ ಕೇಳಲಿಲ್ಲ. ಮೂವತ್ತು ವರ್ಷ ಊರವರ ಬಾವಿಗಳಿಗೆ ಒಳಗಿನಿಂದ ಕಲ್ಲು ಕಟ್ಟಿದ ಕೈ. ಸಿಮೆಂಟಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸುವುದು ಅವರಿಗೆ ನೀರು ಕುಡಿದಂತೆ. ನಾನು ನಿಲ್ಲಿಸಿದ್ದ ಕಲ್ಲುಗಳನ್ನೆಲ್ಲ ಕೆಡವಿಸಿದರು. ಅಡಿಯಲ್ಲಿ ಒಡೆದ ಕಲ್ಲು ಹಾಸಿ, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಮರಳು, ಮಣ್ಣು ಹೆಸರಿಗೆ ಮಾತ್ರ. ಪ್ರತಿ ಕಲ್ಲನ್ನೂ ತಿರುಗಿಸಿ ತಿರುಗಿಸಿ ನೋಡಿ, ಅರ್ಧ ಹೂತು, ಮೇಲೆ ಬಿದ್ದ ನೀರು ಗಿಡದ ಕುತ್ತಿಗೆಗೆ ಬಾರದೆ ಹಿಂದಕ್ಕೆ ಹೋಗಿ ಬೇರಿಗೆ ಇಳಿಯುವಷ್ಟು ಒರಗಿಸಿದರು. ಕಲ್ಲಿನ ಮೇಲಿನ ಗೆರೆಗಳೆಲ್ಲ ಒಂದೇ ದಿಕ್ಕಿಗೆ ಓಡಬೇಕೆಂದು ಹಟ. ಒಂದು ಗೆರೆ ತಪ್ಪಿತೆಂದು ನಾಲ್ಕು ಜನ ಎತ್ತಿದ ಕಲ್ಲನ್ನು ಮತ್ತೆ ಎತ್ತಿಸಿದರು. ಪೆಶಾವರದ ಕೆಲಸಗಾರರು ಅವರನ್ನು ಚಾಚಾ ಎಂದರು. ಅಪ್ಪ ಅವರಿಗೆ ತುಳುವಿನಲ್ಲೇ ಬೈದರು. ಅರ್ಥವಾಗಲಿಲ್ಲ ಎಂದು ಯಾರೂ ಹೇಳಲಿಲ್ಲ.

ನನಗೊಂದು ಮಾತು ಹೇಳಿದರು, ಅದನ್ನು ನನ್ನ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. "ಕಲ್ಲು ತಂದು ಇಟ್ಟದ್ದು ಅಂತ ಗೊತ್ತಾಗ್ಬಾರ್ದು ಮಗಾ. ಅಲ್ಲಿಯೇ ಹುಟ್ಟಿದ್ದು ಅಂತ ಕಾಣ್ಬೇಕು."

ಎರಡನೇ ಸಲ ಬಂದ ಗಿಡಗಳನ್ನು ಅಪ್ಪನೂ ನಾನೂ ಸೇರಿ ನೆಟ್ಟೆವು. ಸಂದಿಯಲ್ಲಿ ಬೇರು ಇಳಿಸಿ, ಕುತ್ತಿಗೆಯ ಸುತ್ತ ಸಣ್ಣ ಜಲ್ಲಿ ಹರಡಿ, ಬೆರಳು ಚುಚ್ಚಿ ನೋಡಿ ಒಣಗಿದ್ದರೆ ಮಾತ್ರ ನೀರು. ಹದಿನೈದನೆಯ ದಿನ ಒಂದು ಗಿಡದಲ್ಲಿ ಉಗುರಿನಷ್ಟು ನೀಲಿ ಹೂ ಬಿಟ್ಟಿತು. ಅಪ್ಪ ನನ್ನನ್ನು ಕರೆಯದೆ ಮೊದಲು ಅಹ್ಮದ್ ಕುಂಞಿಯನ್ನು ಕರೆದು ತೋರಿಸಿದರು. ನನ್ನ ಕೆಲಸ ಉಳಿಯಿತು ಅಮ್ಮ. ಉಳಿಸಿದ್ದು ಯಾರು ಎಂದು ಈಗ ನಿನಗೆ ಗೊತ್ತಾಯಿತಲ್ಲ.

ಇಲ್ಲಿಂದ ಮುಂದೆ ಬರೆಯಲು ನನಗೆ ನಾಚಿಕೆಯಾಗುತ್ತದೆ. ಒಂದು ಲೋಟ ಚಾ ಮಾಡಿ ಕುಡಿದು ಬಂದೆ.

ಆಫೀಸಿನಲ್ಲಿ ನನ್ನ ಹೆಸರು ದೀಪ್ತಿ ಸಿ. ಬಂದ ಮೊದಲ ವಾರ ತಿಲಕ್ ಸಾರ್, ಅವರು ಉಡುಪಿಯ ಕಡೆಯವರು, ಊರು ಎಲ್ಲಿ ಎಂದು ಕೇಳಿದರು. ಆಮೇಲೆ ನಿಮ್ಮ ಬರಿ ಯಾವುದು ಎಂದರು. ಕುಲ ಕೇಳುವ ಆ ಪ್ರಶ್ನೆ ವಿಮಾನ ಹತ್ತಿ ಇಲ್ಲಿಗೂ ಬಂದಿದೆ. ನಾವು ಪೇಟೆಯಲ್ಲಿ ಬೆಳೆದವರು, ಅದೆಲ್ಲ ಗೊತ್ತಿಲ್ಲ ಸಾರ್ ಎಂದೆ. ಅಪ್ಪನ ಹೆಸರು ಕೇಳಿದಾಗ ಚಂದ್ರಶೇಖರ ಎಂದೆ. ರಿಟೈರ್ಡ್ ಮೇಷ್ಟ್ರು ಎಂದೂ ಸೇರಿಸಿದೆ. ಅಪ್ಪನದು ಶನಿವಾರ ಹುಟ್ಟಿದ್ದಕ್ಕೆ ಅಜ್ಜಿ ಪ್ರೀತಿಯಿಂದ ಚನಿಯ ಎಂದು ಇಟ್ಟ ಹೆಸರು. ಅದನ್ನು ಹೇಳಿದರೆ ನಮ್ಮ ಕಡೆಯವರು ಮತ್ತೆ ಜಾತಿ ಕೇಳಬೇಕಾಗಿಲ್ಲ. ನನಗೆ ಆ ಒಂದು ಕ್ಷಣದ ಮೌನ ಬೇಡವಾಗಿತ್ತು, ನಿನಗೆ ಗೊತ್ತಲ್ಲ, ಎದುರಿನವರು ಹೆಸರು ಕೇಳಿದ ಮೇಲೆ ನಗು ಅಲ್ಲೇ ನಿಲ್ಲಿಸಿ ಸುಮ್ಮನಾಗುತ್ತಾರಲ್ಲ, ಆ ಮೌನ. ಅದು ಬೇಡವೆಂದು ಅಪ್ಪನನ್ನೇ ಬದಲಾಯಿಸಿಬಿಟ್ಟೆ.

ಉದ್ಘಾಟನೆಗೆ ಎರಡು ದಿನವಿದೆ ಎನ್ನುವಾಗ, ಮಂಗಳವಾರ, ತಿಲಕ್ ಸಾರ್ ಹೋಟೆಲಿನ ದೊಡ್ಡ ಮೇಡಂ ಅವರನ್ನು ಕರೆದುಕೊಂಡು ತೋಟ ನೋಡಲು ಬಂದರು. ಆಕೆ ಚಳಿದೇಶದವರೇ. ಕಲ್ಲುಗಳ ಮುಂದೆ ನಿಂತವರು ಕೈಗವಸು ತೆಗೆದು ಒಂದು ಕಲ್ಲನ್ನು ಸವರಿ, ತನ್ನ ಊರಿನ ಬೆಟ್ಟದಲ್ಲಿ ನಿಂತ ಹಾಗೆ ಆಗುತ್ತಿದೆ, ಇದನ್ನು ಕಟ್ಟಿದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಪ್ಪ ಅಲ್ಲೇ ಜಲ್ಲಿ ಹರಡುತ್ತ ಕೂತಿದ್ದರು. ಮಾತು ತಿಳಿಯದಿದ್ದರೂ ಕಲ್ಲಿನ ವಿಷಯ ಎಂದು ಅವರಿಗೆ ಗೊತ್ತಾಯಿತು. ಎದ್ದು ನಿಂತು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ನನ್ನನ್ನು ನೋಡಿ ನಕ್ಕರು. ತಿಲಕ್ ಸಾರ್ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು: "ಇವರು ಯಾರು ದೀಪ್ತಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಮಾಮೂಲಾಗಿ ಕೇಳಿದರೋ ಏನೋ, ನನಗೆ ಮಾತ್ರ ಬೆನ್ನಿನಲ್ಲಿ ಬೆವರು, ಆರು ಡಿಗ್ರಿಯಲ್ಲಿ.

"ಕೆಲಸದವನು ಸಾರ್. ಊರಿಂದ ಕರೆಸಿದ್ದು" ಎಂದೆ.

ಕೆಲಸದವರು ಎಂದೂ ಹೇಳಲಿಲ್ಲ ಅಮ್ಮ. ಕೆಲಸದವನು ಎಂದೆ. ಅಪ್ಪನಿಗೆ ಕೇಳಿಸಿತು. ಮೂರು ಮಾರು ದೂರವೂ ಇರಲಿಲ್ಲ. ಅವರ ನಗು ಏನೂ ಬದಲಾಗಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಬಾಗಿ, ಊರಿನಲ್ಲಿ ದೊಡ್ಡ ಮನೆಗಳ ಅಂಗಳದಲ್ಲಿ ನಿಂತು ಮಾತಾಡುತ್ತಿದ್ದರಲ್ಲ, ಅದೇ ದನಿಯಲ್ಲಿ ನನ್ನನ್ನು ಕೇಳಿದರು: "ಆಚೆ ಬದಿಗೆ ನೀರು ಬಿಡ್ಲಾ ಮೇಡಂ?"

ನಾನು ಬಿಡಿ ಎಂದೆ. ತಿಲಕ್ ಸಾರ್ ಸ್ವಲ್ಪ ಹೊತ್ತು ನನ್ನನ್ನು ನೋಡಿ, ಮೇಡಂ ಅವರನ್ನು ಕರೆದುಕೊಂಡು ಹೊರಟುಹೋದರು. ಅಪ್ಪ ನಿಜವಾಗಿಯೂ ಆಚೆ ಬದಿಗೆ ಹೋಗಿ ನೀರಿನ ಕ್ಯಾನು ಹಿಡಿದು ನಿಂತರು. ಆ ಬದಿಗೆ ಅವತ್ತು ನೀರು ಬೇಡವಾಗಿತ್ತು, ಅವರು ಹಾಕಲೂ ಇಲ್ಲ.

ಅವತ್ತು ಸಂಜೆ ಮೆಟ್ರೊದಲ್ಲಿ ಅಪ್ಪ ಎಂದಿನ ಹಾಗೆಯೇ ಇದ್ದರು. ಮನೆಗೆ ಬಂದ ಮೇಲೆ ನಾನೇ ವಿಷಯ ತೆಗೆದೆ. ವಿಸಿಟ್ ವೀಸಾದವರು ಕೆಲಸ ಮಾಡುವ ಹಾಗಿಲ್ಲ ಅಪ್ಪ, ನಿಮ್ಮನ್ನು ಅಪ್ಪ ಎಂದರೆ ಕಂಪನಿಗೆ ತೊಂದರೆ ಆಗುತ್ತಿತ್ತು, ಅದಕ್ಕೇ ಹಾಗೆ ಹೇಳಿದೆ ಎಂದೆ. ಎಂಥ ಮಾತು ನೋಡು. ನನ್ನ ಅಪ್ಪ, ತೋಟ ನೋಡಲು ಬಂದಿದ್ದಾರೆ ಎಂದಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಕೆಲಸದವನು ಎಂದದ್ದೇ ಅಪಾಯ, ಪೊಲೀಸರು ಕೇಳಿದ್ದರೆ ಹಿಡಿದುಕೊಂಡು ಹೋಗುತ್ತಿದ್ದದ್ದು ಅವರನ್ನು. ಅಷ್ಟು ಗೊತ್ತಾಗದಷ್ಟು ದಡ್ಡರಲ್ಲ ಅಪ್ಪ. ಮೀನಿನ ಮುಳ್ಳು ಬಿಡಿಸುತ್ತಿದ್ದವರು ತಲೆ ಎತ್ತದೆ ಹೇಳಿದರು: "ಕೆಲಸ ಮಾಡಿದವನನ್ನು ಕೆಲಸದವ ಅನ್ನದೆ ಮತ್ತೆಂತ ಹೇಳುವುದು ಮಾರಾಯ್ತಿ? ಊಟ ಮಾಡು."

ನನಗೆ ಆಗ ಅಳು ಬರಬೇಕಿತ್ತು. ಬರಲಿಲ್ಲ. ಸದ್ಯ, ಬೇಸರ ಮಾಡಿಕೊಂಡಿಲ್ಲ ಎಂದು ಸಮಾಧಾನವಾಯಿತು. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಆ ಮಾತಿಗಿಂತ ಆ ಊಟ ನೆನಪಾದರೆ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಇನ್ನೂ ಒಂದು ಉಂಟು. ಗುರುವಾರ ಉದ್ಘಾಟನೆ. ಅಪ್ಪ ಬುಧವಾರವೇ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿ ಹ್ಯಾಂಗರಿನಲ್ಲಿ ತೂಗುಹಾಕಿದ್ದರು, ನೀನು ಪೆಟ್ಟಿಗೆಯಲ್ಲಿ ಎಲ್ಲದಕ್ಕಿಂತ ಮೇಲೆ ಇಟ್ಟುಕೊಟ್ಟಿದ್ದ ಶರ್ಟು. ಗುರುವಾರ ಬೆಳಿಗ್ಗೆ ಅದನ್ನು ಹಾಕಿಕೊಳ್ಳಲು ಹೊರಟಾಗ, ಹೆಸರು ಬರೆಸಿದವರಿಗೆ ಮಾತ್ರ ಒಳಗೆ ಬಿಡುತ್ತಾರೆ ಅಪ್ಪ, ನಿಮ್ಮ ಹೆಸರಿಲ್ಲ ಎಂದೆ. ನಾನು ಕೇಳಿಯೇ ಇರಲಿಲ್ಲ. ಓ, ಹಾಗಾ ಎಂದರು. ಶರ್ಟನ್ನು ಮಡಚಿ ಪೆಟ್ಟಿಗೆಗೆ ಹಾಕಿ, ನನಗೆ ತಡವಾಗುತ್ತದೆಂದು ಚಪ್ಪಲಿ ಬಾಗಿಲಿಗೆ ತಂದಿಟ್ಟರು. ಅವರು ಇಟ್ಟ ಕಲ್ಲುಗಳ ಮುಂದೆ ನಿಂತು ನಾನು ಫೋಟೊ ತೆಗೆಸಿಕೊಂಡೆ. ನೀನು ಎಲ್ಲರಿಗೂ ತೋರಿಸುತ್ತೀಯಲ್ಲ, ಅದೇ ಫೋಟೊ. ರಾತ್ರಿ ಬಂದಾಗ ಅಪ್ಪ ಕೇಳಿದ್ದು ಒಂದೇ, ಹೂ ಎಷ್ಟು ಇತ್ತು ಎಂದು. ಹನ್ನೊಂದು ಎಂದೆ. ಎಣಿಸಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. ಮರುದಿನ ಅಪ್ಪ, ನಾನು ಇನ್ನು ಊರಿಗೆ ಹೋಗುತ್ತೇನೆ, ಅಪ್ಪಿ ಒಬ್ಬಳೇ ಇದ್ದಾಳೆ ಎಂದು ನಿನ್ನ ಹೆಸರು ಹೇಳಿದರು. ಸುಜಿತ ಜೊತೆಯಲ್ಲಿದ್ದಾನೆ, ನೀನು ಒಬ್ಬಳೇ ಎಲ್ಲಿ? ವೀಸಾ ಇನ್ನೂ ಒಂದು ತಿಂಗಳಿತ್ತು. ನಾನು ಇರಿ ಎನ್ನಲಿಲ್ಲ.

ಇಷ್ಟು ನಡೆದ ಮೇಲೂ ಅವರು ಅಲ್ಲಿ ಕೂತು ನನ್ನ ಸುಳ್ಳನ್ನು ಕಾಯುತ್ತಿದ್ದಾರೆ. ಕಲ್ಲು ಇಟ್ಟದ್ದು ತಾನೇ ಎಂದು ಹೆಂಡತಿಗೂ ಹೇಳಿಲ್ಲ. ಹೇಳಿದರೆ, ಮತ್ತೆ ಫೋಟೊದಲ್ಲಿ ನೀವು ಯಾಕಿಲ್ಲ ಎಂದು ನೀನು ಕೇಳುತ್ತೀ ಎಂದು ಅವರಿಗೆ ಗೊತ್ತು.

ಅಮ್ಮ, ಯುವಕ ಮಂಡಲದವರಿಗೆ ಹೇಳು, ಸನ್ಮಾನ ಮಾಡುವುದಾದರೆ ಅಪ್ಪನಿಗೆ ಮಾಡಲಿ. ನಾನು ಬರುತ್ತೇನೆ. ವೇದಿಕೆಯ ಕೆಳಗೆ ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಮೈಕು ಕೊಟ್ಟರೆ ಇಲ್ಲಿ ಬರೆದದ್ದನ್ನೇ ಹೇಳುತ್ತೇನೆ, ಅಷ್ಟು ಧೈರ್ಯ ಬರುತ್ತದೋ ಇಲ್ಲವೋ ಎಂದು ಈಗಲೇ ಆಣೆ ಹಾಕಲಾರೆ. ಫೋನಿನಲ್ಲಿ ಅಪ್ಪನ ಹತ್ತಿರ ಕ್ಷಮೆ ಕೇಳಲು ನೋಡಿದೆ. ಬಿಸಿಲು ಹೇಗುಂಟು ಎಂದು ಮಾತು ತಿರುಗಿಸಿದರು. ನೀನು ಓದಿಯಾದ ಮೇಲೆ ಇದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳು. ಎದ್ದು ಹೋಗಲು ನೋಡುತ್ತಾರೆ, ಬಿಡಬೇಡ. ನನ್ನನ್ನು ಬೈಯುವುದಿದ್ದರೆ ನೀನು ಬೈ. ಅಪ್ಪ ಬೈಯುವುದಿಲ್ಲ, ಅದೇ ನನಗೆ ಕಷ್ಟವಾಗಿರುವುದು.

ನಿನ್ನ ಮಗಳು,
ದೀಪ್ತಿ

ಮರೆತ ಮಾತಲ್ಲ, ಇವತ್ತು ತಿಳಿದದ್ದು. ಭಾನುವಾರ ಸಂಜೆ: ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಡಿಸೆಂಬರಿನ ರಜೆಗೆ ಅರ್ಜಿ ಕೊಡಲು ಜುಮೇರಾ ಲೇಕ್ ಟವರ್ಸ್‌ನ ನಮ್ಮ ಆಫೀಸಿಗೆ ಹೋಗಿದ್ದೆ. ಎಚ್.ಆರ್.ನಲ್ಲಿರುವ ಜೋಯ್ಲಿನ್ ಕಾರಣ ಕೇಳಿದಳು, ನಾನು ತಡೆಯಲಾರದೆ ಎಲ್ಲ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. "ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಅಪ್ಪನ ಹೆಸರು ಉಂಟಲ್ಲ ಮಾರಾಯ್ತಿ, ನಿನ್ನ ವೀಸಾ ಮಾಡಿಸಿದ್ದು ನಾನೇ ಅಲ್ವಾ" ಎಂದಳು. ತಿಲಕ್ ಸಾರ್ ಮೂರು ವರ್ಷದ ಹಿಂದೆಯೇ ಆ ಪುಟಕ್ಕೆ ಸಹಿ ಹಾಕಿದ್ದರಂತೆ. ಕಲ್ಲಿಡುತ್ತಿರುವವರು ನನ್ನ ಅಪ್ಪ ಎಂದು ಅಹ್ಮದ್ ಕುಂಞಿ ಅವರಿಗೆ ಹೇಳಿದ್ದನಂತೆ, ನಾವಿಬ್ಬರು ಒಂದೇ ಬುತ್ತಿಯಲ್ಲಿ ಉಣ್ಣುವುದನ್ನು ನೋಡಿ ಅವನಿಗೆ ಗೊತ್ತಾಗಿತ್ತಂತೆ. ನನ್ನ ಬರಿ ಕೇಳಿದವರೂ ತಿಲಕ್ ಸಾರೇ, ಹಾಗಾಗಿ ಅವರನ್ನು ದೇವರು ಮಾಡಲು ನನಗೆ ಇಷ್ಟವಿಲ್ಲ. ಆದರೆ ಜೋಯ್ಲಿನ್ ಡ್ರಾಯರಿನಿಂದ ಉದ್ಘಾಟನೆಯ ಒಂದು ಆಮಂತ್ರಣ ತೆಗೆದು ಕೊಟ್ಟಳು. ಆ ಮಂಗಳವಾರ ಅಪ್ಪನ ಕೈಗೇ ಕೊಡಲೆಂದು ತಿಲಕ್ ಸಾರ್ ತೆಗೆದುಕೊಂಡು ಹೋಗಿ, ಇದು ಬೇಡವಂತೆ ಎಂದು ವಾಪಸು ತಂದಿಟ್ಟದ್ದಂತೆ. ಅದರ ಮೇಲೆ ಶ್ರೀ ಚನಿಯ, ದೀಪ್ತಿಯವರ ತಂದೆ ಎಂದು ಅಚ್ಚಾಗಿದೆ. ಮುಂದಿನ ಸಾಲು, ಕುರ್ಚಿ ಹದಿನೈದು ಎಂದೂ ಉಂಟು. ನನ್ನದು ಹದಿನಾಲ್ಕು ಅಮ್ಮ. ಪಕ್ಕದ್ದು ಖಾಲಿ ಉಂಟಲ್ಲ ಎಂದು ಕಾರ್ಯಕ್ರಮ ಮುಗಿಯುವವರೆಗೂ ನಾನು ಅದರ ಮೇಲೆ ನನ್ನ ಬ್ಯಾಗು ಇಟ್ಟುಕೊಂಡಿದ್ದೆ.